ಮಗುವಿನ ಹಿಂದೆ ಹೋಗುವ ಸರ್ಕಾರದ ದುಡ್ಡು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ದಿನ ಹಾಲು, ಮೇವು, ಬೋನಸ್ಸಿನ ಮಾತು ಬಿಟ್ಟು ಶಾಲೆಯ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಬಟವಾಡೆಯ ದಿನ ಕೈಗೆ ಬಂದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ನಮ್ಮನ್ನು ನಾವೇ ಕೇಳಿಕೊಂಡರೆ ಉತ್ತರ ಸಿಗುತ್ತದೆ. ಹಿಂಡಿ, ಬೂಸಾದ ಲೆಕ್ಕ ಕಳೆದು ಉಳಿದದ್ದು ಎಷ್ಟೋ ಮನೆಗಳಲ್ಲಿ ಮಕ್ಕಳ ಫೀಸಿಗೆ, ವ್ಯಾನಿನ ಬಾಡಿಗೆಗೆ ಹೋಗುತ್ತಿದೆ. "ಇನ್ನೊಂದು ಹಸ ಕಟ್ಟಿರೋದೇ ಮಗಳ ಕಾನ್ವೆಂಟಿಗೆ" ಅನ್ನುವ ತಾಯಂದಿರು ಈ ಸಭೆಯಲ್ಲೇ ಕೂತಿದ್ದಾರೆ. ಆದ್ದರಿಂದ ಶಾಲೆಯ ಮಾತು ಡೇರಿಯ ಮಾತೇ ಆಗಿದೆ.

ಇಂದು ನಾವು ಎತ್ತಿಕೊಂಡಿರುವ ವಿಷಯ ಸ್ಕೂಲ್ ವೋಚರ್. ನಮ್ಮ ಕಾರ್ಯದರ್ಶಿಗಳು ಆಡಿಟ್ಟಿಗೆ ಜೋಡಿಸಿಡುವ ಖರ್ಚಿನ ವೋಚರ್ ಅಲ್ಲ ಇದು. ಸರ್ಕಾರ ಶಾಲೆ ಕಟ್ಟಿ, ಮೇಷ್ಟರಿಗೆ ಸಂಬಳ ಕೊಟ್ಟು ನಡೆಸುವ ಬದಲು, ಒಂದು ಮಗುವಿಗೆ ಇಷ್ಟು ಎಂದು ಲೆಕ್ಕ ಹಾಕಿ ತಂದೆತಾಯಿಗಳ ಕೈಗೆ ಒಂದು ಚೀಟಿ ಕೊಡುವುದು. ಅವರು ಒಪ್ಪಿದ ಶಾಲೆಗೆ ಆ ಚೀಟಿ ಕೊಟ್ಟರೆ ಸರ್ಕಾರ ಆ ಶಾಲೆಗೆ ದುಡ್ಡು ಪಾವತಿ ಮಾಡುತ್ತದೆ. ಶಾಲೆ ಸರ್ಕಾರದ್ದಾದರೂ ಸರಿ, ಖಾಸಗಿಯಾದರೂ ಸರಿ. ಮಗು ಎಲ್ಲಿಗೆ ಹೋದರೆ ದುಡ್ಡೂ ಅಲ್ಲಿಗೆ ಹೋಗಬೇಕು ಎಂಬುದು ಇದರ ತಿರುಳು.

ಇದು ಹೊಸ ಮಾತೇನಲ್ಲ. 1955ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಇದನ್ನು ಒಂದು ಪ್ರಬಂಧದಲ್ಲಿ ಮುಂದಿಟ್ಟರು. ಓದಿಗೆ ಹಣ ಕೊಡುವುದು ಸರ್ಕಾರದ ಕೆಲಸ ಸರಿ, ಶಾಲೆಯನ್ನು ಸರ್ಕಾರವೇ ನಡೆಸಬೇಕೆಂದು ಏನಿದೆ ಎಂಬುದು ಅವರ ಪ್ರಶ್ನೆ. ಅಮೆರಿಕದ ಮಿಲ್ವಾಕಿ ನಗರದಲ್ಲಿ 1990ರಲ್ಲಿ ಬಡ ಮಕ್ಕಳಿಗಾಗಿ ಇಂಥ ಯೋಜನೆ ಶುರುವಾಯಿತು. ನಮ್ಮ ದೇಶದಲ್ಲೂ ಇದರ ಪರ ವಾದಿಸುವವರು ಬಹಳ ದಿನಗಳಿಂದ ಇದ್ದಾರೆ.

ಪರವಾಗಿ ಮಾತಾಡುವವರ ವಾದವನ್ನು ಮೊದಲು ನ್ಯಾಯವಾಗಿ ಕೇಳೋಣ. ಅವರು ಹೇಳುವುದು ಇಷ್ಟು: ಉಳ್ಳವರಿಗೆ ಆಯ್ಕೆ ಈಗಾಗಲೇ ಇದೆ, ಬೇಡವಾದ ಶಾಲೆಯಿಂದ ಮಗುವನ್ನು ಬಿಡಿಸಿ ಬೇರೆ ಕಡೆ ಸೇರಿಸುತ್ತಾರೆ. ಇಲ್ಲದವರಿಗೆ ಮಾತ್ರ ಊರ ಶಾಲೆಯೇ ಗತಿ. ಅಲ್ಲಿ ಮೇಷ್ಟರು ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ. ಚೀಟಿ ಕೈಯಲ್ಲಿದ್ದರೆ ಬಡವನೂ ನಾಲ್ಕು ಕಡೆ ವಿಚಾರಿಸುತ್ತಾನೆ, ಮಕ್ಕಳು ಕಡಿಮೆಯಾದರೆ ಶಾಲೆಗಳು ತಾವಾಗಿಯೇ ಎಚ್ಚೆತ್ತುಕೊಳ್ಳುತ್ತವೆ. ಕೂಲಿ ಮಾಡಿ ಫೀಸು ಕಟ್ಟುವವನ ಹೊರೆಯಾದರೂ ಇಳಿಯುತ್ತದೆ. ಈ ಮಾತಿನಲ್ಲಿ ಹುರುಳಿಲ್ಲ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಬೆಳಿಗ್ಗೆ ಡೇರಿ ಮುಂದೆ ಬಂದು ನಿಲ್ಲುವ ಶಾಲೆ ವ್ಯಾನುಗಳೇ ಇದಕ್ಕೆ ಸಾಕ್ಷಿ.

ದುಡ್ಡು ಕೈಗೆ ಬಂದರೆ ಏನಾಗುತ್ತದೆ ಎಂಬುದನ್ನು ನಾವು ರೇಷನ್ನಿನಲ್ಲೇ ಕಂಡಿದ್ದೇವೆ. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತಿತ್ತು. 2025ರ ಆರಂಭದಲ್ಲಿ ಸರ್ಕಾರ ಮತ್ತೆ ಅಕ್ಕಿಯನ್ನೇ ಕೊಡಲು ತೀರ್ಮಾನಿಸಿತು. ಆಗ ಮನೆಮನೆಯಲ್ಲಿ ಎರಡು ಮಾತು ಇತ್ತು. ದುಡ್ಡೇ ಚೆನ್ನಾಗಿತ್ತು, ಬೇಕಾದ್ದು ತರಬಹುದಿತ್ತು ಅಂತ ಕೆಲವರು. ಆ ದುಡ್ಡಿಗೆ ಅಂಗಡಿಯಲ್ಲಿ ಅಷ್ಟು ಅಕ್ಕಿ ಎಲ್ಲಿ ಸಿಗುತ್ತೆ ಅಂತ ಇನ್ನು ಕೆಲವರು. ವೋಚರ್ ಚರ್ಚೆಯೂ ಅರ್ಧ ಇದೇ. ಚೀಟಿಯ ಬೆಲೆ ಎಷ್ಟು, ಆ ಬೆಲೆಗೆ ಅಂಗಡಿಯಲ್ಲಿ ಸಾಮಾನು ಇದೆಯೇ ಎಂದು ಕೇಳಬೇಕು. ಆದರೆ ಅಕ್ಕಿಗೂ ಶಾಲೆಗೂ ಒಂದು ವ್ಯತ್ಯಾಸ ಇದೆ. ಅಂಗಡಿಯವನು ಗಿರಾಕಿಯ ಮುಖ ನೋಡಿ ಅಕ್ಕಿ ಇಲ್ಲ ಎನ್ನುವುದಿಲ್ಲ. ಶಾಲೆ ಮಾತ್ರ ಮಗುವಿನ ಮುಖ ನೋಡಿ ಸೀಟು ಇಲ್ಲ ಎನ್ನಬಲ್ಲದು.

ಇದು ಬರೀ ಊಹೆಯಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ 1981ರಲ್ಲಿ, ಮಿಲಿಟರಿ ಆಡಳಿತದ ಕಾಲದಲ್ಲಿ, ಇಡೀ ದೇಶಕ್ಕೆ ವೋಚರ್ ಪದ್ಧತಿ ತಂದರು. ಶಾಲೆಗೆ ಬರುವ ಮಕ್ಕಳ ಲೆಕ್ಕದ ಮೇಲೆ ಸರ್ಕಾರದ ದುಡ್ಡು. ಖಾಸಗಿ ಶಾಲೆಗಳು ಸಾಲುಸಾಲಾಗಿ ತೆರೆದವು. ಆ ಮೊದಲು ಮಕ್ಕಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಸಾರ್ವಜನಿಕ ಶಾಲೆಗಳಲ್ಲಿದ್ದರು. ಮೂವತ್ತು ವರ್ಷದಲ್ಲಿ ಆ ಪಾಲು ಅರ್ಧಕ್ಕಿಂತ ಕೆಳಗೆ ಇಳಿಯಿತು. ಖಾಸಗಿ ಶಾಲೆಗಳಿಗೆ ಮಕ್ಕಳನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇತ್ತು. 1993ರಿಂದ ವೋಚರಿನ ಮೇಲೆ ತಂದೆತಾಯಿಗಳಿಂದ ಫೀಸನ್ನೂ ಕೂಡಿಸಿ ವಸೂಲು ಮಾಡಲು ದಾರಿ ಸಲೀಸಾಯಿತು. ಆಗ ಏನಾಯಿತೆಂದರೆ, ಸ್ವಲ್ಪ ಕಟ್ಟಬಲ್ಲವರ ಮಕ್ಕಳು ಒಂದು ಕಡೆ, ಜಾಸ್ತಿ ಕಟ್ಟಬಲ್ಲವರ ಮಕ್ಕಳು ಇನ್ನೊಂದು ಕಡೆ, ಏನೂ ಕಟ್ಟಲಾರದವರ ಮಕ್ಕಳು ಸಾರ್ವಜನಿಕ ಶಾಲೆಯಲ್ಲಿ. ಜರಡಿ ಹಿಡಿದ ಹಾಗೆ. ದೇಶದ ಒಟ್ಟು ಕಲಿಕೆ ಮೇಲೇರಿತೇ ಎಂದು ಪರಿಶೀಲಿಸಿದವರಿಗೆ, ಮೊದಲ ದಶಕಗಳ ಲೆಕ್ಕದಲ್ಲಿ ಮಕ್ಕಳು ಬೇರೆಬೇರೆಯಾದದ್ದು ಕಂಡಿತೇ ಹೊರತು ಸರಾಸರಿ ಕಲಿಕೆ ಏರಿದ ಗುರುತು ಕಾಣಲಿಲ್ಲ.

2006ರಲ್ಲಿ ಆ ದೇಶದ ಹೈಸ್ಕೂಲು ಮಕ್ಕಳೇ ಬೀದಿಗಿಳಿದರು. ಅವರ ಕಪ್ಪು ಬಿಳುಪು ಸಮವಸ್ತ್ರ ನೋಡಿ ಜನ ಅದಕ್ಕೆ ಪೆಂಗ್ವಿನ್ ಚಳವಳಿ ಅಂತಲೇ ಹೆಸರಿಟ್ಟರು. 2008ರಲ್ಲಿ ಬಡ ಮಗುವಿಗೆ ಹೆಚ್ಚಿನ ಮೊತ್ತ ಕೊಡುವ ಕಾನೂನು ಬಂತು. ಅದಾದ ಮೇಲೆ ಬಡ ಮಕ್ಕಳ ಕಲಿಕೆ ಸುಧಾರಿಸಿತು ಎಂದು ಹಲವು ಅಧ್ಯಯನಗಳು ಹೇಳಿವೆ. 2015ರಲ್ಲಿ ಇನ್ನೊಂದು ಕಾನೂನು ತಂದು, ಸರ್ಕಾರದ ದುಡ್ಡು ಪಡೆಯುವ ಶಾಲೆ ಮಕ್ಕಳನ್ನು ಆರಿಸುವ ಹಾಗಿಲ್ಲ, ಲಾಭ ಮಾಡುವ ಹಾಗಿಲ್ಲ, ಫೀಸು ಹಂತಹಂತವಾಗಿ ನಿಲ್ಲಬೇಕು ಎಂದು ಕಟ್ಟುಮಾಡಿದರು. ಅಂದರೆ ವೋಚರ್ ಒಳ್ಳೆಯದೋ ಕೆಟ್ಟದೋ ಎಂಬುದು ಚೀಟಿಯಲ್ಲಿಲ್ಲ, ಚೀಟಿಯ ಹಿಂದಿನ ಷರತ್ತಿನಲ್ಲಿದೆ. ಆ ಷರತ್ತು ಬರೆಯುವುದಕ್ಕೆ ಅವರಿಗೆ ಮೂವತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ದೂರದ ಮಾತು ಸಾಕು, ಪಕ್ಕದ ಮನೆಗೆ ಬರೋಣ. ಆಗಿನ ಅವಿಭಜಿತ ಆಂಧ್ರಪ್ರದೇಶದ ಐದು ಜಿಲ್ಲೆಗಳ 180 ಹಳ್ಳಿಗಳಲ್ಲಿ 2008ರಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. ಸರ್ಕಾರಿ ಶಾಲೆಯ ಮಕ್ಕಳಲ್ಲಿ ಅರ್ಜಿ ಹಾಕಿದವರ ನಡುವೆ ಲಾಟರಿ ಎತ್ತಿ, ಗೆದ್ದವರಿಗೆ ಖಾಸಗಿ ಶಾಲೆಯ ಫೀಸು, ಪುಸ್ತಕ, ಸಮವಸ್ತ್ರದ ಖರ್ಚು ಕೊಟ್ಟರು. ನಾಲ್ಕು ವರ್ಷ ಈ ಮಕ್ಕಳ ಕಲಿಕೆಯನ್ನು ಅಳೆದರು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು 2015ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು.

ಫಲಿತಾಂಶ ಎರಡೂ ಕಡೆಯವರ ಬಾಯಿ ಕಟ್ಟಿಸುವಂಥದ್ದು. ತೆಲುಗಿನಲ್ಲಿ, ಲೆಕ್ಕದಲ್ಲಿ ಖಾಸಗಿ ಶಾಲೆಗೆ ಹೋದ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಉಳಿದವರಿಗಿಂತ ಮುಂದೆ ಹೋಗಿರಲಿಲ್ಲ. ಹಿಂದಿಯಲ್ಲಿ ಮಾತ್ರ ಎದ್ದು ಕಾಣುವಷ್ಟು ಮುಂದಿದ್ದರು, ಯಾಕೆಂದರೆ ಸರ್ಕಾರಿ ಶಾಲೆಯ ಕೆಳ ತರಗತಿಗಳಲ್ಲಿ ಹಿಂದಿ ಇರಲೇ ಇಲ್ಲ. ಖಾಸಗಿ ಶಾಲೆ ಸೇರಿದರೆ ಮಗು ತಾನಾಗಿ ಬುದ್ಧಿವಂತ ಆಗುತ್ತದೆ ಎಂದು ನಂಬಿ ಸಾಲ ಮಾಡುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಇನ್ನೊಂದು ಕಡೆ, ಆ ಖಾಸಗಿ ಶಾಲೆಗಳು ಒಂದು ಮಗುವಿಗೆ ಮಾಡುತ್ತಿದ್ದ ಖರ್ಚು ಸರ್ಕಾರದ ಖರ್ಚಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ತೆಲುಗು, ಲೆಕ್ಕಕ್ಕೆ ಕಡಿಮೆ ಹೊತ್ತು ಕೊಟ್ಟೂ ಸರಿಸಮ ನಿಂತರು. ಸರ್ಕಾರಿ ಶಾಲೆಯ ಪರ ಮಾತಾಡುವ ನಮ್ಮಂಥವರು ಇದನ್ನು ಮರೆಮಾಚಬಾರದು. ಇಷ್ಟು ಸಂಬಳ, ಇಷ್ಟು ತರಬೇತಿ ಇದ್ದೂ ಯಾಕೆ ಮುಂದೆ ಹೋಗಲಿಲ್ಲ ಎಂದು ಕೇಳಲೇಬೇಕು. ಆದರೆ ಖಾಸಗಿಯಲ್ಲಿ ಖರ್ಚು ಕಡಿಮೆಯಾದದ್ದು ಮುಖ್ಯವಾಗಿ ಮೇಷ್ಟರ ಸಂಬಳದಲ್ಲಿ ಎಂಬುದೂ ನಿಜ. ಓದಿದ ನಮ್ಮ ಹುಡುಗಿಯರೇ ಅಲ್ಲಿ ಅಲ್ಪ ಸಂಬಳಕ್ಕೆ ಪಾಠ ಹೇಳುತ್ತಿರುತ್ತಾರೆ.

ಈಗ ನಮ್ಮ ರಾಜ್ಯ. ವೋಚರ್ ಎಂಬ ಹೆಸರಿಲ್ಲದೆಯೇ ಅದರ ತಮ್ಮನೊಬ್ಬ ನಮ್ಮ ಮನೆಗೆ ಬಂದು ಹೋಗಿದ್ದಾನೆ. ಅದೇ ಆರ್‌ಟಿಇ ಸೀಟು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅನುದಾನ ಇಲ್ಲದ ಖಾಸಗಿ ಶಾಲೆಗಳು ಕೂಡ ಪ್ರವೇಶದ ತರಗತಿಯಲ್ಲಿ ಕನಿಷ್ಠ 25ರಷ್ಟು ಶೇಕಡಾ ಸೀಟನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಬಿಡಬೇಕು ಎಂದು ಅದರಲ್ಲಿದೆ. ಸರ್ಕಾರ ತನ್ನ ಶಾಲೆಯಲ್ಲಿ ಒಂದು ಮಗುವಿಗೆ ಮಾಡುವ ಖರ್ಚು ಅಥವಾ ಆ ಖಾಸಗಿ ಶಾಲೆಯ ಫೀಸು, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಶಾಲೆಗೆ ಭರಿಸಿಕೊಡುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. 2014ರಲ್ಲಿ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಕಾಯ್ದೆ ಅನ್ವಯಿಸುವುದಿಲ್ಲ ಎಂದಿತು. ನಮ್ಮಲ್ಲಿ 2012-13ರಿಂದ ಪ್ರವೇಶ ಶುರುವಾಯಿತು. ಆರಂಭದಲ್ಲಿ ಒಂದನೇ ತರಗತಿಯ ಮಗುವಿಗೆ ವರ್ಷಕ್ಕೆ ಗರಿಷ್ಠ 11,848 ರೂಪಾಯಿ ಎಂದು ಗೊತ್ತುಮಾಡಿದ್ದರು.

ಈ ಸೀಟಿನಿಂದ ಓದಿದ ಮಕ್ಕಳಿಗೆ ಒಳ್ಳೆಯದಾಗಲಿಲ್ಲ ಎಂದು ನಾವು ಹೇಳುವುದಿಲ್ಲ. ಮನೆಯ ಹತ್ತಿರವೇ ಇದ್ದರೂ ಗೇಟಿನೊಳಗೆ ಕಾಲಿಡಲಾಗದ ಶಾಲೆಗೆ ಕೂಲಿಯವರ ಮಕ್ಕಳು ಹಕ್ಕಿನಿಂದ ಹೋದರು. ಅದು ಸಣ್ಣ ವಿಷಯವಲ್ಲ. ಶ್ರೀಮಂತರ ಮಗು ಬಡವರ ಮಗು ಒಂದೇ ಬೆಂಚಿನಲ್ಲಿ ಕೂರಲಿ ಎಂಬುದೇ ಆ ಕಲಮಿನ ಆಶಯವಾಗಿತ್ತು. ಆದರೆ ಅದರ ಬಾಲ ಹಿಡಿದು ಬಂದ ತೊಂದರೆಗಳನ್ನೂ ಹೇಳಬೇಕು. ಫೀಸು ಸರ್ಕಾರದ್ದಾದರೂ ವ್ಯಾನು, ಪುಸ್ತಕ, ಬೂಟು, ಕಾರ್ಯಕ್ರಮದ ಚಂದಾ ಎಂದು ತಂದೆತಾಯಿಗಳು ಕೈಯಿಂದ ಹಾಕಬೇಕಾದ ಕಡೆಗಳಿದ್ದವು. ಸರ್ಕಾರದ ಹಣ ತಡವಾಯಿತೆಂದು ಶಾಲೆಯವರ ದೂರು. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಕಾಯ್ದೆ ಇರುವುದು ಎಂಟನೇ ತರಗತಿಯವರೆಗೆ. 2012-13ರಲ್ಲಿ ಒಂದನೇ ತರಗತಿ ಸೇರಿದ ಮಗು 2019-20ಕ್ಕೆ ಎಂಟು ಮುಗಿಸಿತು. ಒಂಬತ್ತನೆಯದಕ್ಕೆ ಪೂರ್ತಿ ಫೀಸು ಕಟ್ಟು, ಇಲ್ಲವೇ ಬೇರೆ ಶಾಲೆ ನೋಡಿಕೋ. ಅರ್ಧ ಹೊಳೆ ದಾಟಿಸಿ ದೋಣಿ ನಿಲ್ಲಿಸಿದ ಹಾಗಾಯಿತು. ಚೀಟಿಗೆ ಅವಧಿ ಇರುತ್ತದೆ, ಓದಿಗೆ ಅವಧಿ ಇರುವುದಿಲ್ಲ.

ಆಮೇಲೆ 2019ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿಯ ಖಾಸಗಿ ಶಾಲೆ ಈ ಸೀಟು ಕೊಡಬೇಕಾಗಿಲ್ಲ ಎಂದಾಯಿತು. ಸರ್ಕಾರಿ ಶಾಲೆಗಳು ಬರಿದಾಗುತ್ತಿವೆ, ನಮ್ಮದೇ ದುಡ್ಡಿನಲ್ಲಿ ನಮ್ಮ ಶಾಲೆಯ ಮಕ್ಕಳನ್ನು ಹೊರಗೆ ಕಳಿಸುತ್ತಿದ್ದೇವೆ ಎಂಬುದು ಸರ್ಕಾರದ ಕಾರಣ. ರಾಜ್ಯದಲ್ಲಿ ಲಕ್ಷ ದಾಟಿದ್ದ ಸೀಟುಗಳು ಒಂದೇ ಏಟಿಗೆ ಕೆಲವು ಸಾವಿರಕ್ಕೆ ಇಳಿದವು. ನಮ್ಮ ಹೈಕೋರ್ಟ್ ಅದೇ ವರ್ಷ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರ 2024ರಲ್ಲಿ ಇಂಥದೇ ನಿಯಮ ತಂದಾಗ ಬಾಂಬೆ ಹೈಕೋರ್ಟ್ ಅದನ್ನು ಹೊಡೆದುಹಾಕಿತು. ನ್ಯಾಯಾಲಯಗಳಿಗೇ ಒಂದು ಮಾತು ಬರದ ವಿಷಯದಲ್ಲಿ ನಮ್ಮ ಊರಿನ ಜಗಲಿಯಲ್ಲಿ ಎರಡು ಮಾತಿದ್ದರೆ ಆಶ್ಚರ್ಯವಿಲ್ಲ.

ಸರ್ಕಾರಿ ಶಾಲೆ ಬರಿದಾಗುವುದು ಅಂದರೆ ಏನು? ಒಂದು ಸಣ್ಣ ಲೆಕ್ಕ ಮಾಡೋಣ. ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳವರೆಗೆ 2 ಮೇಷ್ಟರು, 61ರಿಂದ 90ರವರೆಗೆ 3 ಮೇಷ್ಟರು. ಒಂದು ಶಾಲೆಯಲ್ಲಿ 62 ಮಕ್ಕಳಿದ್ದಾರೆ ಅಂತಿಟ್ಟುಕೊಳ್ಳಿ. ಮೂವರು ವ್ಯಾನು ಹತ್ತಿದರು, 59 ಉಳಿದರು. ಹೋದದ್ದು ಮೂರು ಮಕ್ಕಳು, ಆದರೆ ಲೆಕ್ಕದ ಪ್ರಕಾರ ಹೋಗುವುದು ಒಬ್ಬ ಮೇಷ್ಟರು. ಐದು ತರಗತಿಗೆ ಇಬ್ಬರೇ. ಅದನ್ನು ನೋಡಿ ಇನ್ನೂ ಹತ್ತು ಮಂದಿ ಮಕ್ಕಳನ್ನು ಬಿಡಿಸುತ್ತಾರೆ. ನಮ್ಮ ಹಾಲಿನ ಶೀತಲೀಕರಣದ ಟ್ಯಾಂಕಿನ ಹಾಗೆ ಇದು. ಅರ್ಧ ಟ್ಯಾಂಕ್ ಹಾಲಿದೆ ಎಂದು ಕರೆಂಟು ಬಿಲ್ಲು ಅರ್ಧಕ್ಕೆ ಇಳಿಯುವುದಿಲ್ಲ. ಮಗುವಿನ ಹಿಂದೆ ದುಡ್ಡು ಹೋಗುತ್ತದೆ ಸರಿ, ಆದರೆ ಉಳಿದ ಮಗುವಿನ ಮುಂದಿದ್ದ ಮೇಷ್ಟರೂ ಹೋಗುತ್ತಾರೆ. ಉಳಿಯುವವರು ಯಾರು? ವ್ಯಾನಿಗೆ ಕಟ್ಟಲಾಗದವರ ಮಕ್ಕಳು, ವಲಸೆ ಬಂದ ಕೂಲಿಯವರ ಮಕ್ಕಳು, ನಡೆಯಲಾಗದ, ಕಿವಿ ಕೇಳದ ಮಕ್ಕಳು.

ಇಲ್ಲಿ ನಮ್ಮ ಸಂಘದ ಅನುಭವ ಒಂದಿದೆ. ಬೇಸಿಗೆಯಲ್ಲಿ ಹಾಲು ಕಡಿಮೆಯಾದಾಗ ಖಾಸಗಿಯವರು ಬಂದು ಲೀಟರಿಗೆ ಎರಡು ರೂಪಾಯಿ ಜಾಸ್ತಿ ಅನ್ನುತ್ತಾರೆ. ಮಳೆ ಹಿಡಿದು ಹಸಿರು ಮೇವು ಬಂದು ಹಾಲು ಉಕ್ಕುವಾಗ ಅವರ ಗಾಡಿಯೇ ಕಾಣುವುದಿಲ್ಲ. ಎರಡು ಹೊತ್ತೂ, ಮೂರು ಕಾಲವೂ, ಒಂದು ಲೀಟರ್ ತಂದವರದ್ದೂ ಹತ್ತು ಲೀಟರ್ ತಂದವರದ್ದೂ ಅಳೆದುಕೊಳ್ಳುವುದು ಈ ಕಟ್ಟೆಯೇ. ಸರ್ಕಾರಿ ಶಾಲೆಯೂ ಹಾಗೆ. ಯಾವ ಮಗುವಿಗೂ ಇಲ್ಲ ಎನ್ನದ ಬಾಗಿಲು ಊರಿನಲ್ಲಿ ಅದೊಂದೇ. 2013ರಲ್ಲಿ ಕ್ಷೀರಭಾಗ್ಯ ಶುರುವಾದಾಗಿನಿಂದ ನಮ್ಮಂಥವರು ಕರೆದ ಹಾಲೇ ಪುಡಿಯಾಗಿ, ಮತ್ತೆ ಹಾಲಾಗಿ, ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳ ಲೋಟಕ್ಕೆ ಹೋಗುತ್ತಿದೆ. ಆ ಬಾಗಿಲು ಮುಚ್ಚಿದರೆ ಆ ಲೋಟವೂ ಬರಿದು.

ಹಾಗಂತ ಖಾಸಗಿಯವರು ಬಂದದ್ದರಿಂದ ನಮಗೆ ನಷ್ಟವೇ ಆಯಿತು ಎಂದೂ ಹೇಳಲಾಗದು. ಪೈಪೋಟಿ ಬಂದಮೇಲೆ ತೂಕ, ಫ್ಯಾಟು, ಬಟವಾಡೆ ಎಲ್ಲದರಲ್ಲೂ ಬಿಗಿ ಬಂತು. ಆದರೆ ಸಂಘ ಉಳಿದದ್ದು ಪೈಪೋಟಿಯಿಂದಲ್ಲ. ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು "ನನ್ನ ಹಾಲಿನ ಫ್ಯಾಟು ಯಾಕೆ ಕಡಿಮೆ ತೋರಿಸಿದೆ, ಪುಸ್ತಕ ತೋರಿಸಿ" ಅಂತ ಕೇಳಿದ ಸದಸ್ಯರಿಂದ. ಒಂದು ಷೇರು ಇದ್ದವನಿಗೂ ಒಂದು ಓಟು. ಬಿಟ್ಟುಹೋಗುವ ಹಕ್ಕು ಒಂದು, ಕೂತು ಕೇಳುವ ಹಕ್ಕು ಇನ್ನೊಂದು. ವೋಚರ್ ಮೊದಲನೆಯದನ್ನು ಕೊಡುತ್ತದೆ. ಎರಡನೆಯದನ್ನು ಕೊಡುವುದಿಲ್ಲ. ಖಾಸಗಿ ಶಾಲೆಯಲ್ಲಿ ಹೆಚ್ಚು ಕೇಳಿದರೆ ಟಿ.ಸಿ. ತಗೊಂಡು ಹೋಗಿ ಅನ್ನಬಹುದು.

ಕೇಳುವ ಹಕ್ಕು ಈಗಾಗಲೇ ನಮ್ಮ ಕೈಯಲ್ಲಿದೆ. 2001ರಲ್ಲಿ ನಮ್ಮ ರಾಜ್ಯದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಬಂತು. ಕೇಂದ್ರದ ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿ ಪೋಷಕರೇ ಇರಬೇಕು, ಅರ್ಧ ಹೆಂಗಸರಿರಬೇಕು. ಮೇಷ್ಟರು ಹೊತ್ತಿಗೆ ಬರುತ್ತಾರೆಯೇ, ಅನುದಾನ ಎಲ್ಲಿಗೆ ಹೋಯಿತು ಎಂದು ನೋಡುವುದು ಅದರ ಕೆಲಸ. ಆದರೆ ಡೇರಿ ಚುನಾವಣೆಗೆ ನಿಲ್ಲಲು ಪೈಪೋಟಿ ಮಾಡುವ ನಾವು ಎಸ್‌ಡಿಎಂಸಿಗೆ ಹೆಸರು ಕೊಡಿ ಅಂದರೆ ಪಕ್ಕದವರ ಮುಖ ನೋಡುತ್ತೇವೆ. ಮಗ ವ್ಯಾನಿನಲ್ಲಿ ಹೋಗುತ್ತಾನೆ, ನಮಗೇನು ಆ ಶಾಲೆಯ ಉಸಾಬರಿ ಅನ್ನುತ್ತೇವೆ. ನಾಲ್ಕು ಮಾತು ಬಲ್ಲವರೆಲ್ಲ ಹೀಗೆ ಹೊರಗೆ ನಿಂತರೆ ಒಳಗೆ ಕೇಳುವವರು ಯಾರು?

ಇಂಗ್ಲಿಷಿನ ಮಾತನ್ನೂ ಬಿಡುವಂತಿಲ್ಲ. ತಂದೆತಾಯಿಗಳು ವ್ಯಾನು ಹತ್ತಿಸುವುದಕ್ಕೆ ದೊಡ್ಡ ಕಾರಣ ಅದೇ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನು ಸರ್ಕಾರ ಬಲವಂತ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2019ರಲ್ಲಿ ಸರ್ಕಾರವೇ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ಒಂದನೇ ತರಗತಿ ತೆರೆಯಿತು. ಕನ್ನಡ ಉಳಿಯಬೇಕು, ಇಂಗ್ಲಿಷೂ ಬರಬೇಕು ಎಂಬುದು ಊರಿನ ಆಸೆ. ಅದನ್ನು ಗದರಿಸಿ ಪ್ರಯೋಜನವಿಲ್ಲ. ಕನ್ನಡ ಶಾಲೆಯಲ್ಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಿ ತೋರಿಸಿದರೆ ಎಷ್ಟೋ ವ್ಯಾನು ಖಾಲಿ ಓಡಾಡುತ್ತವೆ.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯ ಹೀಗಿದೆ. ನಾಳೆ ವೋಚರ್ ಬಂದರೂ ಬರಲಿ, ಬೇಡ ಎಂದು ಬಾಗಿಲು ಹಾಕಿಕೊಳ್ಳುವುದು ಬೇಡ. ಆದರೆ ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳೋಣ. ಚೀಟಿಯ ಬೆಲೆ ಮೀರಿದ ಖರ್ಚು ಯಾರ ತಲೆಯ ಮೇಲೆ? ಮಗುವನ್ನು ಬೇಡ ಎನ್ನುವ ಅಧಿಕಾರ ಶಾಲೆಗೆ ಇದೆಯೇ? ಚೀಟಿ ಹತ್ತನೇ ತರಗತಿಯವರೆಗಾದರೂ ನಡೆಯುತ್ತದೆಯೇ? ಚೀಟಿ ಇಲ್ಲದೆ ಊರಲ್ಲೇ ಉಳಿದ ಮಗುವಿನ ಗತಿ ಏನು? ಈ ನಾಲ್ಕಕ್ಕೂ ಸರಿಯಾದ ಉತ್ತರ ಬಂದರೆ ಅದು ಬಡವನಿಗೆ ಆಸರೆ. ಬರದಿದ್ದರೆ ಅದು ಜರಡಿ.

ಅಲ್ಲಿಯವರೆಗೆ ಕಾಯುವುದೂ ಬೇಡ. ಆಡಳಿತ ಮಂಡಳಿಯ ಮುಂದೆ ನಮ್ಮ ಮನವಿ ಎರಡೇ. ಒಂದು, ಬೆಳ್ಳಿಹಬ್ಬದ ನೆನಪಿಗೆ ಕಮಾನು, ಫಲಕಗಳ ಖರ್ಚು ಸ್ವಲ್ಪ ಹಿಡಿದು, ಧರ್ಮಾರ್ಥಕ್ಕೆ ತೆಗೆದಿಡುವ ಹಣದಲ್ಲಿ ಊರ ಶಾಲೆಯಲ್ಲಿ ಸಂಜೆ ಒಂದು ಗಂಟೆ ಇಂಗ್ಲಿಷ್ ಮತ್ತು ಲೆಕ್ಕ ಹೇಳಿಕೊಡಲು ಓದಿದ ನಮ್ಮೂರ ಹುಡುಗ ಹುಡುಗಿಯರಿಗೆ ಗೌರವಧನ ಕೊಡುವುದು. ಎರಡು, ಎಸ್‌ಡಿಎಂಸಿ ಸಭೆಯ ದಿನವನ್ನು ಡೇರಿಯ ಬೋರ್ಡಿನ ಮೇಲೆ ಬಟವಾಡೆ ದಿನದ ಪಕ್ಕದಲ್ಲೇ ಬರೆಸುವುದು. ಬಟವಾಡೆಗೆ ತಪ್ಪದವರು ಅದಕ್ಕೂ ತಪ್ಪದೆ ಬರಲಿ.

1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ, ಸಾಹುಕಾರನ ಬಾಗಿಲು ಬಿಟ್ಟರೆ ರೈತನಿಗೆ ಬೇರೆ ದಿಕ್ಕಿರಲಿಲ್ಲ. ಅವರು ಇನ್ನೊಬ್ಬ ಸಾಹುಕಾರನನ್ನು ಹುಡುಕಿಕೊಂಡು ಹೋಗಲಿಲ್ಲ, ತಮ್ಮದೇ ಬಾಗಿಲು ಕಟ್ಟಿದರು. ನಮ್ಮ ಮಕ್ಕಳ ಓದಿಗೂ ಅದೇ ದಾರಿ ಎಂದು ನಾವು ನಂಬಿದ್ದೇವೆ.

 ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ, ಅಂದು ನಮ್ಮೂರ ಶಾಲೆಯ ಮಕ್ಕಳು ಇದೇ ವೇದಿಕೆಯಲ್ಲಿ ಪ್ರಾರ್ಥನೆ ಹಾಡಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ.